ಎಲೆಕ್ಟ್ರಿಕ್ ಶವರ್‌ಗೆ ಯಾವ ಸೈಜಿನ ವೈರ್ ಹಾಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಮಾತಾಡುತ್ತಿರುವುದು ನೀರು ಹರಿಯುತ್ತಿರುವಾಗಲೇ ಕಾಯಿಸಿ ಕೊಡುವ ಶವರ್ ಬಗ್ಗೆ. ಟ್ಯಾಂಕ್ ಇರುವ ಗೀಸರ್ ಬೇರೆ, ಅದರ ಕಥೆ ಸುಲಭ. ಲೆಕ್ಕಗಳೆಲ್ಲ 230 ವೋಲ್ಟ್ ಸಿಂಗಲ್ ಫೇಸ್‌ಗೆ, ತಾಮ್ರದ ಪಿವಿಸಿ ವೈರ್‌ಗೆ. ವೋಲ್ಟೇಜ್ ಬೇರೆ ಇದ್ದರೆ ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಯಾಕೆ ಅನ್ನುವುದು ಕೆಳಗೆ ಬರುತ್ತದೆ.

ಸುತ್ತಿ ಬಳಸಿ ಬೇಡ. ಎಷ್ಟು ಸೈಜ್ ಅಂತ ಹೇಳಿಬಿಡಿ.

ಶವರ್ 8.5 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 10 ಸ್ಕ್ವೇರ್ ಎಂಎಂ. 7.5 ಇದ್ದರೆ 6 ನಡೆಯುತ್ತದೆ, ಆದರೆ ವೈರ್ ಹೋಗುವ ದಾರಿ ಚೆನ್ನಾಗಿರಬೇಕು. 5.5ಕ್ಕೆ 4 ಸಾಕು. 3 ಕಿಲೋವ್ಯಾಟ್‌ನ ಸಣ್ಣ ಇನ್‌ಸ್ಟಂಟ್ ಹೀಟರ್ ಆದರೆ 2.5 ಸಾಕು.

ಇದು ಇಟ್ಟಿಗೆ ಗೋಡೆಯೊಳಗೆ ತನ್ನದೇ ಪೈಪಿನಲ್ಲಿ ಒಂಟಿಯಾಗಿ ಹೋಗುವ, 20 ಮೀಟರ್ ಆಸುಪಾಸಿನ ಲೈನಿಗೆ ಹೇಳಿದ ಮಾತು. ಪೈಪಿನಲ್ಲಿ ಇನ್ನೊಂದು ಸರ್ಕ್ಯೂಟ್ ಇದೆ, ಮೇಲೆ ಥರ್ಮೋಕೋಲ್ ಹಾಸಿದ್ದಾರೆ, ಬಿಸಿಲಿಗೆ ಕಾಯುವ ತಾರಸಿಯ ಕೆಳಗೆ ಹೋಗುತ್ತದೆ, ಇಂಥದ್ದೇನಾದರೂ ಇದ್ದರೆ ಉತ್ತರ ಬದಲಾಗುತ್ತದೆ. ವ್ಯಾಟ್ ನೋಡಿ ವೈರ್ ತರುವವರು ಎಡವುವುದು ಇಲ್ಲೇ. ವ್ಯಾಟ್ ಹೇಳುವುದು ಎಷ್ಟು ಬಿಸಿ ಹುಟ್ಟುತ್ತದೆ ಅಂತ ಮಾತ್ರ. ಆ ಬಿಸಿ ಹೊರಗೆ ಹೋಗಲು ಜಾಗ ಇದೆಯಾ ಅನ್ನುವುದನ್ನು ದಾರಿ ಹೇಳುತ್ತದೆ.

ಗೀಸರ್ 2 ಕಿಲೋವ್ಯಾಟ್‌ನಲ್ಲೇ ನೀರು ಕಾಯಿಸುತ್ತದಲ್ಲ, ಶವರ್‌ಗೆ ಯಾಕೆ ಇಷ್ಟೊಂದು?

ಗೀಸರ್‌ಗೆ ಸಮಯ ಇದೆ, ಶವರ್‌ಗೆ ಇಲ್ಲ. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 2 ಕಿಲೋವ್ಯಾಟ್ ಗೀಸರ್ ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಶವರ್‌ನಲ್ಲಿ ನೀರು ಒಳಗೆ ಬಂದು ಹೊರಗೆ ಹೋಗುವಷ್ಟರಲ್ಲಿ ಕಾದಿರಬೇಕು. ನಿಮಿಷಕ್ಕೆ 5 ಲೀಟರ್ ನೀರು, 25 ಡಿಗ್ರಿ ಏರಿಕೆ ಅಂತ ಇಟ್ಟುಕೊಂಡರೆ 8.7 ಕಿಲೋವ್ಯಾಟ್ ಬೇಕಾಗುತ್ತದೆ. ಇದರಲ್ಲಿ ಯಾವ ಕಂಪನಿಯ ಜಾಣತನವೂ ನಡೆಯುವುದಿಲ್ಲ. "ಕಡಿಮೆ ಕರೆಂಟಿನಲ್ಲಿ ಧಾರಾಳ ಬಿಸಿ ನೀರು" ಅಂತ ಯಾರಾದರೂ ಹೇಳಿದರೆ ನೀರಿನ ಧಾರೆ ಸಣ್ಣದಿರುತ್ತದೆ, ಇಲ್ಲವೇ ನೀರು ಉಗುರು ಬೆಚ್ಚಗಿರುತ್ತದೆ.

ಆಂಪ್ ಲೆಕ್ಕ ಹಾಕುವುದು ಹೇಗೆ?

ವ್ಯಾಟ್ ಅನ್ನು ವೋಲ್ಟ್‌ನಿಂದ ಭಾಗಿಸಿ. 8,500 ಭಾಗಿಸು 230, ಅಂದರೆ 37 ಆಂಪ್. 7.5 ಕಿಲೋವ್ಯಾಟ್‌ಗೆ 32.6. 9.5ಕ್ಕೆ 41. 10.5ಕ್ಕೆ 46ಕ್ಕೆ ಹತ್ತಿರ. ಶವರ್‌ನಲ್ಲಿ ಇರುವುದು ಬರೀ ಹೀಟಿಂಗ್ ಎಲಿಮೆಂಟ್, ಹಾಗಾಗಿ ಮೋಟಾರ್ ಲೆಕ್ಕದಲ್ಲಿ ಬರುವ ಪವರ್ ಫ್ಯಾಕ್ಟರ್ ತಲೆನೋವು ಇಲ್ಲ.

ಬಾಕ್ಸ್ ಮೇಲೆ ಯಾವ ವೋಲ್ಟ್‌ಗೆ ಆ ಕಿಲೋವ್ಯಾಟ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ನೋಡಿ. ಕೆಲವರು 240 ವೋಲ್ಟ್‌ಗೆ ಬರೆಯುತ್ತಾರೆ, ಅಂಕಿ ದೊಡ್ಡದಾಗಿ ಕಾಣಲಿ ಅಂತ. 240ರಲ್ಲಿ 9.5 ಕಿಲೋವ್ಯಾಟ್ ಕೊಡುವ ಶವರ್ 230ರಲ್ಲಿ ಕೊಡುವುದು 8.7 ಮಾತ್ರ, ಎಳೆಯುವುದು 38 ಆಂಪ್. ಹಾಗಂತ ಆ 38 ಹಿಡಿದು ವೈರ್ ತರಬೇಡಿ. ಎಲಿಮೆಂಟ್ ಅಂದರೆ ಒಂದು ರೆಸಿಸ್ಟೆನ್ಸ್. ವೋಲ್ಟೇಜ್ ಏರಿದರೆ ಆಂಪ್ ಕೂಡ ಏರುತ್ತದೆ. ರಾತ್ರಿ ಹೊತ್ತು ಲೈನ್ 250ಕ್ಕೆ ಹೋದರೆ ಅದೇ ಶವರ್ 41 ಎಳೆಯುತ್ತದೆ.

ವೋಲ್ಟೇಜ್ ಎಷ್ಟು ಮುಖ್ಯ ಅನ್ನುವುದಕ್ಕೆ ಬ್ರೆಜಿಲ್ ಒಳ್ಳೆಯ ಉದಾಹರಣೆ. ಅಲ್ಲಿ ಕೆಲವು ಊರಲ್ಲಿ 127 ವೋಲ್ಟ್, ಕೆಲವು ಊರಲ್ಲಿ 220. ಶವರ್ ಮಾತ್ರ ಅದೇ 5,500 ವ್ಯಾಟ್. 220ರಲ್ಲಿ ಅದು 25 ಆಂಪ್ ಎಳೆದರೆ 127ರಲ್ಲಿ 43. ನೀರು ಅಷ್ಟೇ ಬಿಸಿ, ವೈರ್ ಮಾತ್ರ ಎರಡು ಸೈಜ್ ದಪ್ಪ ಬೇಕು.

6 ಎಂಎಂ ವೈರ್ ಅಂತ ತಂದೆ, ಅಳೆದರೆ 3 ಮಿ.ಮೀ. ಕೂಡ ಇಲ್ಲ. ಮೋಸ ಹೋದೆನಾ?

ಇಲ್ಲ. ಬಾಯಿಮಾತಲ್ಲಿ "6 ಎಂಎಂ" ಅಂದರೂ ಅದು 6 ಸ್ಕ್ವೇರ್ ಎಂಎಂ. ಅಂದರೆ ತಾಮ್ರವನ್ನು ಅಡ್ಡ ಕತ್ತರಿಸಿದಾಗ ಕಾಣುವ ಮುಖದ ವಿಸ್ತೀರ್ಣ, ದಪ್ಪ ಅಲ್ಲ. 6 ಸ್ಕ್ವೇರ್ ಎಂಎಂ ಗಟ್ಟಿ ತಂತಿಯ ದಪ್ಪ 2.76 ಮಿ.ಮೀ. ಇರುತ್ತದೆ, 10ರದ್ದು 3.57. ಪಿವಿಸಿ ಸೇರಿಸಿ ಅಳೆಯಬೇಡಿ. ಪಿವಿಸಿ ದಪ್ಪ ಮಾಡಿ ತಾಮ್ರ ತೆಳ್ಳಗೆ ಮಾಡುವ ವೈರ್‌ಗಳೂ ಇವೆ, ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ.

ಬಹು ಎಳೆಯ ವೈರ್ ಆದರೆ ಎಳೆ ಎಣಿಸಿ. 0.3 ಮಿ.ಮೀ. ದಪ್ಪದ 84 ಎಳೆ ಸೇರಿದರೆ 5.94, ಅದೇ 6 ಸ್ಕ್ವೇರ್ ಎಂಎಂ. 56 ಎಳೆ ಇದ್ದರೆ 4. ತಾಳ್ಮೆ ಬೇಕು ಬಿಡಿ, ಆದರೆ ಒಂದು ಸಲ ತುಂಡು ವೈರ್ ಬಿಚ್ಚಿ ಎಣಿಸಿದವರಿಗೆ ಮುಂದೆ ಕೈಯಲ್ಲಿ ಹಿಡಿದಾಗಲೇ ಅಂದಾಜು ಸಿಗುತ್ತದೆ.

ಹಳೇ ಮೇಸ್ತ್ರಿಗಳು ಇನ್ನೂ "7/20" ಅನ್ನುತ್ತಾರೆ. 20 ಗೇಜಿನ 7 ಎಳೆ ಅಂತ ಅರ್ಥ, ಲೆಕ್ಕ ಹಾಕಿದರೆ 4.6 ಸ್ಕ್ವೇರ್ ಎಂಎಂ ಆಗುತ್ತದೆ. "ಹೆವಿ ವೈರ್ ಸಾರ್, 7/20 ಹಾಕಿದೀವಿ" ಅಂದರೆ 8.5 ಕಿಲೋವ್ಯಾಟ್ ಶವರ್‌ಗೆ ಅದು ಸಾಲದು.

ಒಂದೇ 6 ಸ್ಕ್ವೇರ್ ಎಂಎಂ ವೈರ್‌ಗೆ ಒಬ್ಬರು 46 ಆಂಪ್ ಅಂತಾರೆ, ಇನ್ನೊಬ್ಬರು 34 ಅಂತಾರೆ. ಯಾರನ್ನು ನಂಬಲಿ?

ಇಬ್ಬರೂ ಸರಿ. ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಓದಿ.

ವೈರ್‌ಗೆ ಅಂತ ಒಂದು ಆಂಪ್ ಇಲ್ಲ. ಕರೆಂಟ್ ಹರಿದರೆ ತಾಮ್ರ ಬಿಸಿಯಾಗುತ್ತದೆ, ಆ ಬಿಸಿ ಪಿವಿಸಿ ದಾಟಿ ಹೊರಗೆ ಹೋಗಬೇಕು. ಸಾಧಾರಣ ಪಿವಿಸಿ 70 ಡಿಗ್ರಿವರೆಗೆ ವರ್ಷಾನುಗಟ್ಟಲೆ ತಡೆದುಕೊಳ್ಳುತ್ತದೆ. ಅದನ್ನು ದಾಟಿದರೆ ಒಂದೇ ದಿನದಲ್ಲಿ ಕರಗಿ ಬೀಳುವುದಿಲ್ಲ, ಸುಮ್ನೆ ದಿನಾ ಸ್ವಲ್ಪ ಸ್ವಲ್ಪ ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಹಾಗಾಗಿ ಯಾವ ಸೈಜಿನ ವೈರ್ ಎಷ್ಟು ತಡೆಯುತ್ತದೆ ಅನ್ನುವ ಟೇಬಲ್‌ನಲ್ಲಿ ಬರೆದಿರುವ ಆಂಪ್ ಅಂದರೆ, ಇಂಥ ಜಾಗದಲ್ಲಿ ಇಷ್ಟು ಕರೆಂಟ್ ಹರಿದರೆ ತಾಮ್ರ 70 ಡಿಗ್ರಿಗೆ ಬಂದು ನಿಲ್ಲುತ್ತದೆ ಅಂತ. ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಸುತ್ತ 30 ಡಿಗ್ರಿ ಇದ್ದಾಗ 6 ಸ್ಕ್ವೇರ್ ಎಂಎಂ ಕೇಬಲ್ ಗೋಡೆಯ ಮೇಲೆ ಕ್ಲಿಪ್ ಹೊಡೆದು ಗಾಳಿಗೆ ತೆರೆದಿದ್ದರೆ 46 ಆಂಪ್. ಅದೇ ಸೈಜಿನ ಬಿಡಿ ವೈರ್ ಇಟ್ಟಿಗೆ ಗೋಡೆಯೊಳಗಿನ ಪೈಪಿನಲ್ಲಿದ್ದರೆ 41. ಉಷ್ಣ ನಿರೋಧಕ ತುಂಬಿದ ಗೋಡೆಯ ಪೈಪಿನಲ್ಲಿದ್ದರೆ 34. ಅರ್ಧ ಮೀಟರ್‌ಗಿಂತ ಜಾಸ್ತಿ ಉದ್ದ ಪೂರ್ತಿ ಥರ್ಮೋಕೋಲ್ ಅಥವಾ ಗ್ಲಾಸ್‌ವೂಲ್‌ನಲ್ಲಿ ಹೂತು ಹೋಗಿದ್ದರೆ ತೆರೆದ ಕೇಬಲ್‌ನ ಅರ್ಧ, ಅಂದರೆ ಬರೀ 23! ಚಳಿಗೆ ಹೊದ್ದ ಕಂಬಳಿ ಬೇಸಿಗೆಯಲ್ಲೂ ಮೈಮೇಲೆ ಇದ್ದರೆ ಹೇಗಿರುತ್ತದೆ, ವೈರ್‌ಗೂ ಹಾಗೇ.

10 ಸ್ಕ್ವೇರ್ ಎಂಎಂ ಆದರೆ ಮೊದಲ ಮೂರು ಜಾಗಕ್ಕೆ 63, 57, 46. ಇನ್ನು 4ಕ್ಕೆ 36, 32, 26.

ಇಷ್ಟಕ್ಕೇ ಮುಗಿಯಲಿಲ್ಲ. ಸುತ್ತಲಿನ ಬಿಸಿ 30ರ ಬದಲು 40 ಡಿಗ್ರಿ ಇದ್ದರೆ 0.87ರಿಂದ ಗುಣಿಸಬೇಕು. 50 ಆದರೆ 0.71. ಅದೇ ಪೈಪಿನಲ್ಲಿ ಲೋಡ್ ಇರುವ ಇನ್ನೊಂದು ಸರ್ಕ್ಯೂಟ್ ಇದ್ದರೆ ಮತ್ತೆ 0.8. ಈಗ ನೋಡಿ: ಪೈಪಿನಲ್ಲಿ 41 ಆಂಪ್ ಅಂತ ಖುಷಿಯಾಗಿದ್ದ 6 ಸ್ಕ್ವೇರ್ ಎಂಎಂ ವೈರ್, 40 ಡಿಗ್ರಿಯ ಗೋಡೆಯಲ್ಲಿ, ಜೊತೆಗೆ ಇನ್ನೊಂದು ಗೀಸರ್ ಲೈನ್ ಇದ್ದರೆ, 28 ಆಂಪ್‌ಗೆ ಇಳಿಯುತ್ತದೆ. 37 ಆಂಪ್ ಶವರ್‌ಗೆ ಅದನ್ನು ಹಾಕಿದರೆ ಮೂರರಲ್ಲೊಂದು ಪಾಲು ಜಾಸ್ತಿ ಹೊರೆ. ಅದೇ ದಾರಿಯಲ್ಲಿ 10 ಹಾಕಿದರೂ 39.7 ಅಷ್ಟೇ ಸಿಗುತ್ತದೆ. ಬೇರೆ ಪೈಪ್ ಕೊಟ್ಟರೆ 49. ಗೋಡೆ ಇನ್ನೂ ತೆರೆದಿರುವಾಗ ಒಂದು ಪೈಪ್ ಜಾಸ್ತಿ ಹಾಕಿಸುವುದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ.

ಮತ್ತೊಂದು ಮಾತು. ದಾರಿ 15 ಮೀಟರ್ ಚೆನ್ನಾಗಿದ್ದು 1 ಮೀಟರ್ ಮಾತ್ರ ಕೆಟ್ಟದಿದ್ದರೂ ಲೆಕ್ಕ ಆ 1 ಮೀಟರ್‌ದೇ. ವೈರ್ ಸುಡುವುದು ಸರಾಸರಿಯಲ್ಲಿ ಅಲ್ಲ, ಒಂದು ಜಾಗದಲ್ಲಿ.

ಸ್ನಾನ ಹತ್ತೇ ನಿಮಿಷ. ಅಷ್ಟರಲ್ಲಿ ವೈರ್ ಎಲ್ಲಿ ಕಾಯುತ್ತದೆ?

ಈ ವಾದ ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ. ವೈರ್ ಸ್ವಿಚ್ ಹಾಕಿದ ಕೂಡಲೇ 70 ಡಿಗ್ರಿ ಮುಟ್ಟುವುದಿಲ್ಲ ನಿಜ. ಆದರೆ ಮನೆಯಲ್ಲಿ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಹೋದರೆ ಹತ್ತು ನಿಮಿಷ ನಲವತ್ತಾಗುತ್ತದೆ. 40 ಆಂಪ್ ಹರಿಯುವಾಗ 4 ಸ್ಕ್ವೇರ್ ಎಂಎಂ ಜೋಡಿಯ ಪ್ರತಿ ಮೀಟರ್‌ನಲ್ಲಿ 17 ವ್ಯಾಟ್‌ಗೂ ಜಾಸ್ತಿ ಬಿಸಿ ಹುಟ್ಟುತ್ತದೆ. 10ರಲ್ಲಿ 7 ವ್ಯಾಟ್. ಗೋಡೆಯೊಳಗೆ ಮೀಟರಿಗೊಂದು ಸಣ್ಣ ಬಲ್ಬ್ ಉರಿಸಿಟ್ಟ ಹಾಗೆ. ಹತ್ತು ನಿಮಿಷದ ಲೆಕ್ಕದಲ್ಲಿ ವೈರ್ ಆರಿಸಬೇಡಿ, ಪೂರ್ತಿ ಲೋಡ್ ಸದಾ ಇರುತ್ತದೆ ಅಂದುಕೊಂಡೇ ಆರಿಸಿ.

ಬೋರ್ಡ್‌ನಿಂದ ಬಾತ್‌ರೂಮ್ ದೂರ ಇದೆ. ದೂರಕ್ಕೆ ಬೇರೆ ಲೆಕ್ಕ ಇದೆಯಾ?

ಇದೆ, ವೋಲ್ಟೇಜ್ ಡ್ರಾಪ್. ಒಂದು ಆಂಪ್, ಒಂದು ಮೀಟರ್‌ಗೆ 4 ಸ್ಕ್ವೇರ್ ಎಂಎಂ 11 ಮಿಲಿವೋಲ್ಟ್ ತಿನ್ನುತ್ತದೆ, 6 ತಿನ್ನುವುದು 7.3, 10 ತಿನ್ನುವುದು 4.4. ಹೋಗುವ, ಬರುವ ಎರಡೂ ವೈರ್ ಇದರಲ್ಲಿ ಸೇರಿವೆ, ಮತ್ತೆ ಎರಡರಿಂದ ಗುಣಿಸಬೇಡಿ. 20 ಮೀಟರ್, 40 ಆಂಪ್ ಇದ್ದರೆ 6ರಲ್ಲಿ 5.8 ವೋಲ್ಟ್ ಹೋಗುತ್ತದೆ, ಅಂದರೆ ಶೇ. 2.5. ಮಿತಿ ಸಾಮಾನ್ಯವಾಗಿ ಶೇ. 5 ಅಂತ ಇಟ್ಟುಕೊಳ್ಳುತ್ತಾರೆ, 11.5 ವೋಲ್ಟ್.

ಮನೆಯೊಳಗಿನ ದೂರಕ್ಕೆ ಇದು ಅಡ್ಡ ಬರುವುದು ಕಡಿಮೆ. ಬಿಸಿಯ ಲೆಕ್ಕ ಸರಿ ಇದ್ದರೆ ಇದೂ ಸರಿಯಾಗಿರುತ್ತದೆ. ಮೀಟರ್ ಗೇಟ್ ಹತ್ತಿರ ಇದ್ದು ಬಾತ್‌ರೂಮ್ ಮೂರನೇ ಮಹಡಿಯಲ್ಲಿದ್ದರೆ ಮಾತ್ರ ಪೆನ್ನು ಹಿಡಿದು ಕೂರಿ. ವೋಲ್ಟೇಜ್ ಶೇ. 3 ಇಳಿದರೆ ಬಿಸಿ ಶೇ. 6 ಇಳಿಯುತ್ತದೆ, ಚಳಿಗಾಲದಲ್ಲಿ ಅದು ಮೈಗೇ ಗೊತ್ತಾಗುತ್ತದೆ.

ಎಂಸಿಬಿ ಎಷ್ಟು ಆಂಪ್‌ದು ಹಾಕಬೇಕು?

ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಬೋರ್ಡ್‌ನ ಸ್ವಿಚ್. ಅದು ಶವರ್ ಎಳೆಯುವ ಆಂಪ್‌ಗಿಂತ ಕಡಿಮೆ ಇರಬಾರದು, ವೈರ್ ತಡೆಯುವ ಆಂಪ್‌ಗಿಂತ ಜಾಸ್ತಿ ಇರಬಾರದು. ಇಷ್ಟೇ ನಿಯಮ. 37 ಆಂಪ್ ಶವರ್‌ಗೆ 40ರ ಎಂಸಿಬಿ. ಹಾಗಾದರೆ ವೈರ್ 40 ಅಥವಾ ಅದಕ್ಕಿಂತ ಜಾಸ್ತಿ ತಡೆಯಬೇಕು, 37 ತಡೆದರೆ ಸಾಲದು. ಮೇಲೆ 39.7 ಬಂದ ವೈರ್ ಇತ್ತಲ್ಲ, ಅದು ಕೂದಲೆಳೆಯಲ್ಲಿ ಫೇಲ್. 10.5 ಕಿಲೋವ್ಯಾಟ್‌ಗೆ 50ರ ಎಂಸಿಬಿ ಬೇಕು, ಅಲ್ಲಿ 10 ಸ್ಕ್ವೇರ್ ಎಂಎಂ ವೈರ್‌ಗೆ ಒಳ್ಳೆಯ ದಾರಿ ಸಿಗದಿದ್ದರೆ 16ಕ್ಕೆ ಹೋಗಿ. ಎಂಸಿಬಿಯಲ್ಲಿ ಬಿ ಕರ್ವ್ (ಕರೆಂಟಿನ ದಿಢೀರ್ ಜಿಗಿತಕ್ಕೆ ಬೇಗ ಬೀಳುವ ಬಗೆ) ಸಾಕು, ಎಲಿಮೆಂಟ್‌ಗೆ ಮೋಟಾರ್ ಥರ ಶುರುವಿನ ಜಿಗಿತ ಇಲ್ಲ.

ಎಂಸಿಬಿ ಟ್ರಿಪ್ ಆಗಿಲ್ಲ ಅಂದರೆ ವೈರ್ ಸರಿ ಇದೆ ಅಂತ ತಾನೇ?

ಅಲ್ಲ, ಅಲ್ಲ. 32ರ ಎಂಸಿಬಿ 32 ದಾಟಿದ ಕೂಡಲೇ ಬೀಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ತಯಾರಾಗುವ ಮಾನದಂಡವೇ ಹೀಗಿದೆ: 1.13 ಪಟ್ಟು ಕರೆಂಟ್‌ನಲ್ಲಿ ಒಂದು ಗಂಟೆ ಬೀಳಬಾರದು, 1.45 ಪಟ್ಟಿನಲ್ಲಿ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ 32ರದ್ದು 36 ಆಂಪ್‌ನಲ್ಲಿ ಒಂದು ಗಂಟೆ ಸುಮ್ಮನಿರುತ್ತದೆ, 46 ಆಂಪ್‌ನಲ್ಲೂ ಮುಕ್ಕಾಲು ಗಂಟೆ ಕಾದು ಬಿದ್ದರೆ ಅದರ ತಪ್ಪೇನಿಲ್ಲ. ಅಷ್ಟರಲ್ಲಿ ಸ್ನಾನ ಮುಗಿದು ಕಾಫಿಯೂ ಆಗಿರುತ್ತದೆ.

ಟ್ರಿಪ್ ಆಗುತ್ತಿದೆ ಅಂತ ದೊಡ್ಡ ಎಂಸಿಬಿ ಹಾಕುವುದು ಇನ್ನೂ ಕೆಟ್ಟದ್ದು. ನಾಯಿ ಬೊಗಳಿದ್ದಕ್ಕೆ ನಾಯಿಯನ್ನೇ ಓಡಿಸಿದ ಹಾಗೆ. ವೈರ್ ಬದಲಾಯಿಸದೆ ಎಂಸಿಬಿ ದೊಡ್ಡದು ಮಾಡುವ ಎಲೆಕ್ಟ್ರಿಷಿಯನ್‌ಗೆ ಅಲ್ಲೇ ನಮಸ್ಕಾರ ಹೇಳಿಬಿಡಿ.

ಆರ್‌ಸಿಸಿಬಿ ಇದ್ದರೆ ಎಂಸಿಬಿ ಬೇಕಾ?

ಎರಡೂ ಬೇಕು, ಎರಡರ ಕೆಲಸ ಬೇರೆ. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್. ಎಂಸಿಬಿ ಕಾಯುವುದು ವೈರ್ ಅನ್ನು, ಆರ್‌ಸಿಸಿಬಿ ಕಾಯುವುದು ನಿಮ್ಮನ್ನು. ಎಲಿಮೆಂಟ್ ಒಡೆದು ನೀರಿಗೆ ಕರೆಂಟ್ ಸೋರಿದರೆ ಆ ಸೋರಿಕೆ ಎಂಸಿಬಿಗೆ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದು. ಶವರ್‌ಗೆ 30 ಮಿಲಿಆಂಪ್‌ದು ಕಡ್ಡಾಯ ಅಂತಲೇ ತಿಳಿಯಿರಿ, 100 ಅಥವಾ 300ರದ್ದು ಮನುಷ್ಯರನ್ನು ಉಳಿಸಲು ಅಲ್ಲ. ಅದರ ಮೇಲೆ ಬರೆದಿರುವ ದೊಡ್ಡ ಆಂಪ್ ಎಂಸಿಬಿಗಿಂತ ಕಡಿಮೆ ಇರಬಾರದು. ಎಂಸಿಬಿ 50 ಇದ್ದರೆ ಆರ್‌ಸಿಸಿಬಿ 63. ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ಸಿಕ್ಕರೆ ಇನ್ನೂ ಅನುಕೂಲ, ಶವರ್ ಕೆಟ್ಟಾಗ ಇಡೀ ಮನೆ ಕತ್ತಲಾಗುವುದಿಲ್ಲ.

ಅರ್ಥ್ ವೈರ್ ಸಣ್ಣದಿದ್ದರೆ ಪರವಾಗಿಲ್ವಾ?

ಬಿಡಿ ವೈರ್ ಎಳೆಯುತ್ತಿದ್ದರೆ 16 ಸ್ಕ್ವೇರ್ ಎಂಎಂವರೆಗೆ ಅರ್ಥ್ ಕೂಡ ಅದೇ ಸೈಜ್, ಯೋಚನೆಯೇ ಬೇಡ. ಚಪ್ಪಟೆ ಕೇಬಲ್‌ಗಳಲ್ಲಿ ಅರ್ಥ್ ಸಣ್ಣದಾಗಿಯೇ ಬರುತ್ತದೆ, ಅದು ಲೆಕ್ಕ ಹಾಕಿ ಮಾಡಿದ್ದು. ಅರ್ಥ್ ಇಲ್ಲದ ಪಾಯಿಂಟ್‌ಗೆ ಶವರ್ ಹಾಕುವ ಮಾತು ಬೇಡ. ನ್ಯೂಟ್ರಲ್ ಅನ್ನೇ ಅರ್ಥ್‌ಗೆ ಸೇರಿಸಿ ಕೆಲಸ ಮುಗಿಸುವವರಿದ್ದಾರೆ. ನ್ಯೂಟ್ರಲ್ ಎಲ್ಲಾದರೂ ಬಿಟ್ಟುಹೋದ ದಿನ ಶವರ್‌ನ ಲೋಹವೆಲ್ಲ ಫೇಸ್ ಆಗುತ್ತದೆ.

ಬಾತ್‌ರೂಮಿನಲ್ಲಿ 16 ಆಂಪ್ ಗೀಸರ್ ಪಾಯಿಂಟ್ ಇದೆ. ಅದಕ್ಕೇ ಹಾಕಬಹುದಾ?

16 ಆಂಪ್ ಸಾಕೆಟ್ ಕೊಡುವುದು 3.6 ಕಿಲೋವ್ಯಾಟ್‌ನಷ್ಟು. 3 ಕಿಲೋವ್ಯಾಟ್ ಇನ್‌ಸ್ಟಂಟ್ ಹೀಟರ್‌ಗೆ ಸರಿ. ಅದರ ಮೇಲಿನ ಯಾವ ಶವರ್‌ಗೂ ಪ್ಲಗ್ ಅನ್ನುವ ವ್ಯವಹಾರವೇ ಬೇಡ. ಬೋರ್ಡ್‌ನಿಂದ ಬೇರೆ ಲೈನ್, ಮಧ್ಯೆ ಯಾವ ಸಾಕೆಟ್, ಲೈಟ್, ಫ್ಯಾನ್‌ಗೂ ಕವಲು ಇಲ್ಲ, ಕೊನೆಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಬಲ್ ಪೋಲ್ ಸ್ವಿಚ್. ಆ ಸ್ವಿಚ್ 45 ಅಥವಾ 50 ಆಂಪ್‌ದು ಇರಲಿ, 10.5 ಕಿಲೋವ್ಯಾಟ್ ಆದರೆ 50ರದ್ದೇ. ಶವರ್ ಕೆಳಗೆ ನಿಂತು ಒದ್ದೆ ಕೈಯಲ್ಲಿ ಮುಟ್ಟುವ ಜಾಗದಲ್ಲಿ ಬೇಡ. ಬಾಗಿಲ ಹೊರಗೆ ಹಾಕಿ, ಇಲ್ಲವೇ ಮೇಲ್ಛಾವಣಿಯಿಂದ ಹಗ್ಗ ಎಳೆಯುವ ಬಗೆಯದು ತನ್ನಿ.

ವೈರ್ ಸರಿಯಾಗಿದೆ, ಆದರೂ ಸ್ವಿಚ್ ಬಿಸಿಯಾಗುತ್ತದೆ. ಯಾಕೆ?

ಇದನ್ನು ಅನುಭವಿಸಿಯೇ ಕಲಿತವನು ನಾನು. 8.5 ಕಿಲೋವ್ಯಾಟ್ ಶವರ್, 6 ಸ್ಕ್ವೇರ್ ಎಂಎಂ ವೈರ್. ಆಗ ನನಗೂ ಪೂರ್ತಿ ಲೆಕ್ಕ ಗೊತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಬೆಳಗ್ಗೆ ಹೊತ್ತು ಒಣ ಮೀನು ಸುಟ್ಟ ಹಾಗೆ ಒಂದು ವಾಸನೆ. ಮೊದಲು ಚರಂಡಿ ಅಂದುಕೊಂಡೆ. ಒಂದು ದಿನ ಸ್ವಿಚ್ ಮೇಲೆ ಕೈಯಿಟ್ಟೆ, ಇಟ್ಟಷ್ಟೇ ಬೇಗ ತೆಗೆದೆ.

ಮೇನ್ ಆಫ್ ಮಾಡಿ ಪ್ಲೇಟ್ ಬಿಚ್ಚಿದರೆ ಒಳಗೆ ಫೇಸ್ ಸರಿಯಾಗೇ ಇತ್ತು. ನ್ಯೂಟ್ರಲ್ ಕಡೆಯ ಕಪ್ಪು ಪಿವಿಸಿ ಒಂದು ಇಂಚು ಹಿಂದಕ್ಕೆ ಮುದುಡಿ, ತುದಿಯ ತಾಮ್ರ ನೇರಳೆ ಬಣ್ಣಕ್ಕೆ ತಿರುಗಿತ್ತು. ಸ್ಕ್ರೂ ಅರ್ಧ ಸುತ್ತು ಸಡಿಲ. ಅದಕ್ಕಿಂತ ಚಂದ ಇನ್ನೊಂದಿತ್ತು: ಟರ್ಮಿನಲ್ ತೂತಿಗೆ 84 ಎಳೆ ಹಿಡಿಸಲಿಲ್ಲ ಅಂತ ಎಲೆಕ್ಟ್ರಿಷಿಯನ್ ಸುತ್ತಲಿನ ಎಳೆಗಳನ್ನು ಕಟರ್‌ನಿಂದ ಕತ್ತರಿಸಿಬಿಟ್ಟಿದ್ದ. ಕೂತು ಎಣಿಸಿದೆ, ಉಳಿದದ್ದು 51. ಅಂದರೆ ನಾನು ದುಡ್ಡು ಕೊಟ್ಟು 6 ತಂದು, ಕೊನೆಯ ಒಂದು ಸೆಂಟಿಮೀಟರ್‌ನಲ್ಲಿ 3.6 ಮಾಡಿಸಿಕೊಂಡಿದ್ದೆ.

ಲೆಕ್ಕ ನೋಡಿ. ಸಡಿಲ ಜಾಯಿಂಟ್‌ನಲ್ಲಿ 0.02 ಓಮ್‌ನಷ್ಟು ರೆಸಿಸ್ಟೆನ್ಸ್ ಇದ್ದರೆ, 37 ಆಂಪ್‌ಗೆ ಅಲ್ಲಿ 27 ವ್ಯಾಟ್ ಬಿಸಿ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಸಾಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತದೆ. ಸ್ವಿಚ್ ಒಳಗೆ ಪ್ಲಾಸ್ಟಿಕ್‌ಗೆ ಅಂಟಿಕೊಂಡು ದಿನಾ ಅರ್ಧ ಗಂಟೆ ಒಂದು ಸಾಲ್ಡರಿಂಗ್ ಐರನ್! ಇದನ್ನು ಎಂಸಿಬಿ ಹಿಡಿಯುವುದಿಲ್ಲ, ಆರ್‌ಸಿಸಿಬಿಯೂ ಹಿಡಿಯುವುದಿಲ್ಲ, ಯಾಕೆಂದರೆ ಕರೆಂಟ್ ಜಾಸ್ತಿಯೂ ಆಗಿಲ್ಲ, ಸೋರಿಯೂ ಇಲ್ಲ.

ಹಾಗಾಗಿ ವೈರ್ ಕೊಳ್ಳುವ ಮೊದಲೇ ಸ್ವಿಚ್‌ನ, ಶವರ್‌ನ ಟರ್ಮಿನಲ್ ತೂತು ಎಷ್ಟು ಸೈಜ್ ಹಿಡಿಯುತ್ತದೆ ನೋಡಿ. ಬಹು ಎಳೆಯ ವೈರ್ ಆದರೆ ತುದಿಗೆ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಸಣ್ಣ ಕೊಳವೆ) ಹಾಕಿ ಒತ್ತಿ ಕ್ರಿಂಪ್ ಮಾಡಿಸಿ. ಎಳೆ ಕತ್ತರಿಸಲು ಬಿಡಬೇಡಿ. ತುದಿಗೆ ಸೀಸ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವುದೂ ಬೇಡ, ಬೆಸುಗೆ ಮೆತ್ತಗೆ ಒತ್ತಿಕೊಂಡು ದಿನ ಕಳೆದ ಹಾಗೆ ಸಡಿಲವಾಗುತ್ತದೆ. ನಾನು ಕೊನೆಗೆ 10 ಎಳೆಸಿ, ಸ್ವಿಚ್ ಬದಲಾಯಿಸಿ, ಆ ಸುಟ್ಟ ತುಂಡನ್ನು ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಅಲ್ಯೂಮಿನಿಯಂ ವೈರ್ ಅಗ್ಗ. ಸೈಜ್ ದೊಡ್ಡದು ಹಾಕಿದರೆ ಆಗುವುದಿಲ್ವಾ?

ಅದೇ ಕರೆಂಟ್‌ಗೆ ಅಲ್ಯೂಮಿನಿಯಂ ಸುಮಾರು 1.6 ಪಟ್ಟು ಸ್ಕ್ವೇರ್ ಎಂಎಂ ಬೇಕು. ದಪ್ಪ ಹಾಕಿದರೂ ಸ್ಕ್ರೂ ಕೆಳಗೆ ಅದು ಹಿಗ್ಗಿ ಕುಗ್ಗಿ ಸಡಿಲವಾಗುತ್ತದೆ, ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಶವರ್‌ಗೆ ಬೇಡ. ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ ವೈರ್ ಕೂಡ ಮಾರಾಟಕ್ಕಿದೆ, ಅದನ್ನು ಹಿಡಿಯುವುದು ಸುಲಭ: ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಬಂಡಲ್ ಎತ್ತಿದಾಗಲೇ ಹಗುರ ಅನ್ನಿಸುತ್ತದೆ.

90 ಡಿಗ್ರಿ ತಡೆಯುವ ವೈರ್ ತಂದರೆ ಸಣ್ಣ ಸೈಜ್ ಹಾಕಬಹುದಲ್ವಾ?

ವೈರ್ 90 ತಡೆಯುತ್ತದೆ. ಅದರ ತುದಿ ಕೂರುವ ಸ್ವಿಚ್, ಎಂಸಿಬಿ ಸಾಮಾನ್ಯವಾಗಿ 70ಕ್ಕೇ ಮಾಡಿದವು. ಹಾಗಾಗಿ ಸೈಜನ್ನು 70ರ ಟೇಬಲ್‌ನಿಂದಲೇ ಆರಿಸಿ. ಬಿಸಿ ತಾರಸಿಯ ಕೆಳಗೆ ಹೋಗುವ ಲೈನಿಗೆ 90ರ ವೈರ್ ಹಾಕಿದರೆ ಒಳ್ಳೆಯದೇ, ಸೈಜ್ ಇಳಿಸಲು ಅದನ್ನು ನೆಪ ಮಾಡಬೇಡಿ.

4 ಸ್ಕ್ವೇರ್ ಎಂಎಂ ವೈರ್ ಈಗಾಗಲೇ ಇದೆ. ಇನ್ನೊಂದು 4 ಜೊತೆಗೆ ಎಳೆದು 8 ಮಾಡಿದರೆ?

ಬೇಡ. ಒಂದರ ಜಾಯಿಂಟ್ ಸಡಿಲವಾದರೆ ಪೂರ್ತಿ ಕರೆಂಟ್ ಇನ್ನೊಂದರಲ್ಲಿ ಹೋಗುತ್ತದೆ, ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ.

7.5 ಕಿಲೋವ್ಯಾಟ್ ಹಳೇದು ಕೆಟ್ಟಿದೆ. ಅದೇ ಜಾಗಕ್ಕೆ 9.5 ಹಾಕಬಹುದಾ?

ಶವರ್ ಬದಲಾಯಿಸುವಾಗ ಜನ ಸ್ಕ್ರೂ ತೂತು ಹೊಂದುತ್ತದಾ ಅಂತ ನೋಡುತ್ತಾರೆ, ವೈರ್ ನೋಡುವುದಿಲ್ಲ. 32.6ರಿಂದ 41 ಆಂಪ್‌ಗೆ ಹೋಗುತ್ತಿದ್ದೀರಿ, ಹುಟ್ಟುವ ಬಿಸಿ ಕರೆಂಟ್‌ನ ವರ್ಗಕ್ಕೆ ಏರುವುದರಿಂದ ಅದೇ ವೈರ್‌ನಲ್ಲಿ ಶೇ. 60 ಜಾಸ್ತಿ ಬಿಸಿ. ಒಳಗಿರುವುದು 6 ಆಗಿದ್ದರೆ 9.5 ಬೇಡ, 7.5 ಹಾಕಿಕೊಂಡು ನೆಮ್ಮದಿಯಾಗಿರಿ. ಪೈಪಿನಲ್ಲಿ ಜಾಗ ಇದ್ದರೆ ಹಳೇ ವೈರ್‌ಗೆ ಹೊಸದನ್ನು ಕಟ್ಟಿ ಎಳೆದು 10 ಹಾಕಿಸಬಹುದು. ಹೊಸ ಲೈನ್ ಎಳೆಯುವವರು ಈಗ 7.5 ಕೊಂಡರೂ 10 ಹಾಕಿಸಿಬಿಡಿ, ಟೈಲ್ಸ್ ಒಂದೇ ಸಲ ಒಡೆದರೆ ಸಾಕು.

ದಪ್ಪ ವೈರ್ ಹಾಕಿದರೆ ಬಿಲ್ ಜಾಸ್ತಿ ಬರುತ್ತದಾ?

ಉಲ್ಟಾ. ದಪ್ಪ ಪೈಪ್ ಹಾಕಿದರೆ ಜಾಸ್ತಿ ನೀರು ಹೋಗುತ್ತದೆ ಅಂತ ಹೋಲಿಸಿ ಈ ಅನುಮಾನ ಬರುತ್ತದೆ. ಕರೆಂಟ್ ಎಷ್ಟು ಅಂತ ತೀರ್ಮಾನಿಸುವುದು ಶವರ್, ವೈರ್ ಅಲ್ಲ. 20 ಮೀಟರ್, 40 ಆಂಪ್‌ನಲ್ಲಿ 6 ಸ್ಕ್ವೇರ್ ಎಂಎಂ ಸುಮ್ನೆ ಗೋಡೆ ಕಾಯಿಸಲು 234 ವ್ಯಾಟ್ ತಿನ್ನುತ್ತದೆ, 10 ತಿನ್ನುವುದು 141. ದಿನಕ್ಕೆ ಅರ್ಧ ಗಂಟೆ ಅಂದರೆ ವರ್ಷಕ್ಕೆ 17 ಯೂನಿಟ್ ವ್ಯತ್ಯಾಸ. ದೊಡ್ಡದೇನಲ್ಲ, ಆದರೆ ನಿಮ್ಮ ಕಡೆಗೇ ಇದೆ.

ಮನೆಗೆ ಬರುವ ಲೈನ್ ತಡೆಯುತ್ತದಾ?

ಇದನ್ನು ಶವರ್ ಕೊಳ್ಳುವ ಮೊದಲೇ ಕೇಳಬೇಕಿತ್ತು! ಮನೆಗೆ ಮಂಜೂರಾದ ಲೋಡ್ 5 ಕಿಲೋವ್ಯಾಟ್ ಇದ್ದರೆ 8.5ರ ಶವರ್‌ಗೆ ಒಳಗೆ ಎಷ್ಟು ದಪ್ಪ ವೈರ್ ಎಳೆದೂ ಉಪಯೋಗವಿಲ್ಲ. ಮೀಟರ್ ಹತ್ತಿರದ ಫ್ಯೂಸ್, ಮೇನ್ ಸ್ವಿಚ್, ಮೀಟರ್‌ನಿಂದ ಬೋರ್ಡ್‌ಗೆ ಬರುವ ವೈರ್, ಎಲ್ಲ ನೋಡಬೇಕು. ಎರಡು ಬಾತ್‌ರೂಮಿಗೆ ಎರಡು ಶವರ್ ಹಾಕಿ ಒಟ್ಟಿಗೆ ಓಡಿಸಿದರೆ 74 ಆಂಪ್. ಒಂದು ಓಡುವಾಗ ಇನ್ನೊಂದನ್ನು ತಡೆಹಿಡಿಯುವ ಪ್ರಯಾರಿಟಿ ಯೂನಿಟ್ ಅಂತ ಸಿಗುತ್ತದೆ, ಅದಿಲ್ಲದೆ ಎರಡು ಶವರ್ ಯೋಚನೆ ಮಾಡಬೇಡಿ.

ನಾನೇ ಹಾಕಿಕೊಳ್ಳಬಹುದಾ?

ಲೆಕ್ಕ ನೀವೇ ಹಾಕಿ, ವೈರ್ ನೀವೇ ತನ್ನಿ, ಪೈಪಿನ ದಾರಿ ನೀವೇ ನೋಡಿ. ಜೋಡಿಸುವುದು ಮತ್ತು ಟೆಸ್ಟ್ ಮಾಡುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ನೀರು, ಬರಿಗಾಲು, 40 ಆಂಪ್ ಮೂರೂ ಒಂದೇ ಕೋಣೆಯಲ್ಲಿರುವ ಜಾಗ ಅದು.

ಅವರು ಹೊರಡುವ ಮುಂಚೆ ಶವರ್ ಅನ್ನು ಪೂರ್ತಿ ಬಿಸಿಯಲ್ಲಿಟ್ಟು 15 ನಿಮಿಷ ಓಡಿಸಿ. ಆಮೇಲೆ ಒಣ ಕೈಯ ಹಿಂಭಾಗದಿಂದ ಸ್ವಿಚ್‌ನ ಮುಖ, ಬೋರ್ಡ್‌ನ ಎಂಸಿಬಿ ಮುಖ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಿದ್ದರೆ ಅಲ್ಲೇ ಬಿಚ್ಚಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿ. ಮತ್ತೆ ಒಂದು ತಿಂಗಳಾದ ಮೇಲೆ ಅವರನ್ನೇ ಕರೆದು, ಮೇನ್ ಆಫ್ ಮಾಡಿ, ಎಲ್ಲ ಸ್ಕ್ರೂಗಳನ್ನು ಇನ್ನೊಂದು ಸಲ ಬಿಗಿ ಮಾಡಿಸಿ. ಹೊಸ ತಾಮ್ರ ಸ್ಕ್ರೂ ಕೆಳಗೆ ಒಗ್ಗಿಕೊಂಡು ಕೂತ ಮೇಲೆ ಒಂದೆರಡಾದರೂ ಕಾಲು ಸುತ್ತು ತಿರುಗುತ್ತವೆ.